ವಿಮಾನದಲ್ಲಿ ಆಸರೆಯ ಪ್ರಾಣಿ



ಮಾನಸಿಕ ಸಂಕಟದಲ್ಲಿರುವ ಒಬ್ಬರಿಗೆ ತಾವು ಸಾಕಿದ ನಾಯಿಯೋ ಬೆಕ್ಕೋ ಹತ್ತಿರವಿದ್ದರೆ ಸಮಾಧಾನ ಸಿಗುತ್ತದೆ. ಹಾಗಾದರೆ ಆ ಪ್ರಾಣಿಯನ್ನು ವಿಮಾನದೊಳಗೆ ತಮ್ಮ ಆಸನದ ಬಳಿಯೇ ಇಟ್ಟುಕೊಂಡು ಹೋಗುವುದು ಅವರ ಹಕ್ಕೇ, ವಿಮಾನ ಕಂಪನಿ ಒಪ್ಪಿದರೆ ಮಾತ್ರ ಸಿಗುವ ಅನುಕೂಲವೇ? ಅಮೆರಿಕದಲ್ಲಿ ಈ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಒಂದು ತೀರ್ಮಾನವನ್ನು ಜಾರಿಗೆ ತಂದಿತು. ಭಾರತದಲ್ಲಿ ಸಾಕುಪ್ರಾಣಿಗಳಿಗೆ ವಿಮಾನದ ಬಾಗಿಲು ಈಚೆಗೆ ತೆರೆಯುತ್ತಿರುವುದರಿಂದ ಇಲ್ಲಿ ಆ ಚರ್ಚೆಗೆ ಈಗ ಕಾಲ ಕೂಡಿಬಂದಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೂ ಇದು ಸಂಬಂಧಿಸಿದ ವಿಷಯವೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿ, ಅಡಿಕೆ ತೋಟದ ಮನೆಯಲ್ಲಿ ಅಪ್ಪ, ಆಯಿ ಇಬ್ಬರೇ ಉಳಿದಿರುವುದು ಈ ಸೀಮೆಯ ಊರೂರಿನ ಸ್ಥಿತಿ. ಅಂಥ ಮನೆಗಳಲ್ಲಿ ದಿನವಿಡೀ ಜೊತೆಗಿರುವ ಜೀವ ನಾಯಿಯೊಂದೇ ಆಗಿರುತ್ತದೆ. ಹಿರಿಯರು ಚಿಕಿತ್ಸೆಗೆಂದು ತಿಂಗಳುಗಟ್ಟಲೆ ಮಗಳ ಮನೆಗೆ ಹೋಗಬೇಕಾದಾಗ, ಅಥವಾ ಪರದೇಶದ ಮಗ ತನ್ನ ನಾಯಿಯೊಂದಿಗೆ ಊರಿಗೆ ಮರಳಬೇಕೆಂದಾಗ, ಮೊದಲು ಎದುರಾಗುವುದು ವಿಮಾನದ ನಿಯಮ.

ಈ ಉಪನ್ಯಾಸವು ವಿಷಯವನ್ನು ನಾಲ್ಕು ಭಾಗಗಳಲ್ಲಿ ನೋಡುತ್ತದೆ. ಮನುಷ್ಯನಿಗೆ ನೆರವಾಗುವ ಪ್ರಾಣಿಗಳಲ್ಲಿ ಎಷ್ಟು ಬಗೆ ಎಂಬುದು ಮೊದಲನೆಯದು. ಅಮೆರಿಕದ ಅನುಭವ ಎರಡನೆಯದು. ಮೂರನೆಯದರಲ್ಲಿ ಸಹಪ್ರಯಾಣಿಕರ ಮತ್ತು ಸ್ವತಃ ಪ್ರಾಣಿಯ ಹಿತದ ವಿಚಾರವಿದೆ. ಕೊನೆಗೆ ಭಾರತದ, ಅದರಲ್ಲೂ ಕರ್ನಾಟಕದ ಸ್ಥಿತಿ.

ನೆರವಿನ ಪ್ರಾಣಿಗಳ ಚರಿತ್ರೆ ಅಂಧರ ಮಾರ್ಗದರ್ಶಿ ನಾಯಿಗಳಿಂದ ಆರಂಭವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಜರ್ಮನ್ ಸೈನಿಕರಿಗಾಗಿ 1916ರಲ್ಲಿ ಓಲ್ಡೆನ್‌ಬರ್ಗ್ ನಗರದಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯ ಇಂಥ ನಾಯಿಗಳ ತರಬೇತಿ ಶಾಲೆ ತೆರೆದ. ಅಮೆರಿಕದ ಮೋರಿಸ್ ಫ್ರಾಂಕ್ ಎಂಬ ಅಂಧ ಯುವಕ ಸ್ವಿಟ್ಜರ್ಲೆಂಡಿನಲ್ಲಿ ತರಬೇತಾದ ‘ಬಡ್ಡಿ’ ಎಂಬ ನಾಯಿಯೊಂದಿಗೆ 1928ರಲ್ಲಿ ಸ್ವದೇಶಕ್ಕೆ ಮರಳಿದ. ಮರುವರ್ಷ ‘ದಿ ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು. ರಸ್ತೆ ದಾಟಿಸುವುದು, ಮೆಟ್ಟಿಲ ಬಳಿ ನಿಲ್ಲುವುದು, ಒಡೆಯನ ಆಜ್ಞೆ ಅಪಾಯಕ್ಕೆ ಒಯ್ಯುವಂತಿದ್ದರೆ ಅದನ್ನು ಪಾಲಿಸದಿರುವುದು ಇಂಥ ನಾಯಿ ಕಲಿಯುವ ಕೆಲಸಗಳು. ಕ್ರಮೇಣ ಕಿವಿ ಕೇಳಿಸದವರಿಗೆ, ಅಪಸ್ಮಾರವಿರುವವರಿಗೆ, ಮಧುಮೇಹಿಗಳಿಗೆ ನೆರವಾಗುವ ನಾಯಿಗಳೂ ಬಂದವು. ಇವೆಲ್ಲ ಸೇವಾ ನಾಯಿಗಳು.

ಮನೋರೋಗಿಗಳಿಗೆ ನೆರವಾಗುವ ನಾಯಿಗಳಲ್ಲೂ ಒಂದು ವರ್ಗ ಸೇವಾ ನಾಯಿಗಳದ್ದೇ. ಯುದ್ಧದಿಂದ ಮರಳಿದ ಸೈನಿಕ ದುಃಸ್ವಪ್ನದಿಂದ ನರಳುವಾಗ ಎಬ್ಬಿಸುವುದು, ತೀವ್ರ ಗಾಬರಿ ಹತ್ತುವ ಲಕ್ಷಣ ಕಂಡೊಡನೆ ಮೈಮೇಲೆ ಭಾರ ಹಾಕಿ ಒರಗಿ ಗಮನ ಸೆಳೆಯುವುದು, ಜನಜಂಗುಳಿಯಿಂದ ಹೊರಗೆ ಕರೆದೊಯ್ಯುವುದು, ಔಷಧಿಯ ವೇಳೆಗೆ ಎಚ್ಚರಿಸುವುದು ಇವುಗಳ ಕೆಲಸ. ಕಾಯಿಲೆ ಮನಸ್ಸಿನದಾದರೂ ನಾಯಿ ಮಾಡುವುದು ಕಲಿತ ಕೆಲಸವನ್ನೇ.

‘ಎಮೋಷನಲ್ ಸಪೋರ್ಟ್ ಅನಿಮಲ್’ ಎಂದು ಕರೆಯಲಾಗುವ ಆಸರೆಯ ಪ್ರಾಣಿಗೆ ಅಂಥ ಕಲಿಕೆ ಇರಬೇಕೆಂದಿಲ್ಲ. ಅದು ಜೊತೆಗಿದ್ದರೆ ಸಾಕು, ಇರುವಿಕೆಯೇ ಅದರ ಉಪಕಾರ. ವೈದ್ಯರೋ ಮನಶ್ಶಾಸ್ತ್ರಜ್ಞರೋ ಕೊಟ್ಟ ಪತ್ರವೊಂದೇ ಅದನ್ನು ಸಾಮಾನ್ಯ ಸಾಕುಪ್ರಾಣಿಯಿಂದ ಬೇರೆ ಮಾಡುತ್ತದೆ. ಆಸ್ಪತ್ರೆಗಳಿಗೆ, ಶಾಲೆಗಳಿಗೆ ಹೋಗಿ ಇತರರ ಮನಸ್ಸನ್ನು ಹಗುರಗೊಳಿಸುವ ‘ಥೆರಪಿ ನಾಯಿ’ಗಳದ್ದು ಇನ್ನೊಂದು ಬಗೆ. ಮುಂಬೈ, ಹೈದರಾಬಾದ್ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ನಡುವೆ ಓಡಾಡಿದ್ದು ಇಂಥವು. ಅವುಗಳ ಕೆಲಸ ನಿಲ್ದಾಣದಲ್ಲೇ ಮುಗಿಯುತ್ತದೆ, ವಿಮಾನ ಏರುವ ಪ್ರಶ್ನೆ ಬರುವುದಿಲ್ಲ.

ಪ್ರಾಣಿಯ ಸಾಮೀಪ್ಯದಿಂದ ನಿಜವಾಗಿ ಉಪಯೋಗವಿದೆಯೇ ಎಂಬುದನ್ನೂ ಇಲ್ಲಿಯೇ ನೋಡಬೇಕು. ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ 1960ರ ದಶಕದ ಆರಂಭದಲ್ಲಿ, ತನ್ನ ‘ಜಿಂಗಲ್ಸ್’ ನಾಯಿ ಕೋಣೆಯಲ್ಲಿದ್ದಾಗ ಮಾತನಾಡದ ಮಕ್ಕಳು ತೆರೆದುಕೊಳ್ಳುವುದನ್ನು ಗಮನಿಸಿ ಬರೆದ. 1980ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಹೃದ್ರೋಗಕ್ಕೆ ಚಿಕಿತ್ಸೆ ಪಡೆದು ಮನೆಗೆ ಮರಳಿದ 92 ಮಂದಿಯ ಅಧ್ಯಯನ ಪ್ರಕಟಿಸಿದರು. ಪ್ರಾಣಿ ಸಾಕಿದ್ದ 53 ಮಂದಿಯಲ್ಲಿ ವರ್ಷದೊಳಗೆ ತೀರಿಕೊಂಡವರು 3, ಸಾಕದಿದ್ದ 39 ಮಂದಿಯಲ್ಲಿ 11. ಆದರೆ ಮುಂದಿನ ಅಧ್ಯಯನಗಳೆಲ್ಲ ಇಷ್ಟೇ ಸ್ಪಷ್ಟವಾಗಿ ಒಂದೇ ಕಡೆಗೆ ಬೆರಳು ತೋರಲಿಲ್ಲ. ಪ್ರಾಣಿಯೊಂದಿಗೆ ಕಳೆದ ಸ್ವಲ್ಪ ಹೊತ್ತು ಆತಂಕವನ್ನು ಇಳಿಸುತ್ತದೆ ಎಂಬುದಕ್ಕೆ ಆಧಾರವಿದೆ. ಆಸರೆಯ ಪ್ರಾಣಿ ಕಾಯಿಲೆಯನ್ನೇ ವಾಸಿ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿ 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರದಲ್ಲಿ ಒಂಟಿ ಮನುಷ್ಯನನ್ನು ಬದುಕಿನ ಕಡೆಗೆ ತಿರುಗಿಸುವುದು ಯಾವ ತರಬೇತಿಯೂ ಇಲ್ಲದ ನಾಯಿ. ಕನ್ನಡದ ಪ್ರೇಕ್ಷಕರು ಅದನ್ನು ಒಪ್ಪಿ ಅತ್ತದ್ದಕ್ಕೆ ಅವರವರ ಮನೆಯ ಅನುಭವವೇ ಕಾರಣವಿರಬೇಕು. ಅನುಭವ ಸುಳ್ಳಲ್ಲ. ಅದರ ಮೇಲೆ ಒಂದು ಕಾನೂನುಬದ್ಧ ಹಕ್ಕನ್ನು ಕಟ್ಟಬಹುದೇ ಎಂಬುದು ಪ್ರತ್ಯೇಕವಾಗಿ ಕೇಳಬೇಕಾದ ಪ್ರಶ್ನೆ.

ಈಗ ಎರಡನೆಯ ಭಾಗ. ಅಂಗವಿಕಲ ಪ್ರಯಾಣಿಕರಿಗೆ ವಿಮಾನದಲ್ಲಿ ತಾರತಮ್ಯವಾಗಬಾರದೆಂದು ಅಮೆರಿಕ 1986ರಲ್ಲಿ ‘ಏರ್ ಕ್ಯಾರಿಯರ್ ಆಕ್ಸೆಸ್ ಆಕ್ಟ್’ ಎಂಬ ಕಾಯಿದೆ ಮಾಡಿತು. ಅದರ ಅಡಿಯ ನಿಯಮಗಳು ಆಸರೆಯ ಪ್ರಾಣಿಗಳನ್ನೂ ನೆರವಿನ ಪ್ರಾಣಿಗಳೆಂದೇ ಒಪ್ಪಿದವು. ಪತ್ರವಿದ್ದರೆ ಅವುಗಳಿಗೆ ಶುಲ್ಕವಿರಲಿಲ್ಲ, ಪಂಜರವೂ ಬೇಕಿರಲಿಲ್ಲ. ಆದರೆ ಸಾಮಾನ್ಯ ಸಾಕುಪ್ರಾಣಿಗೆ ಕಂಪನಿಗಳು ಒಂದು ದಿಕ್ಕಿನ ಪಯಣಕ್ಕೆ 100 ಡಾಲರಿಗೂ ಮೇಲ್ಪಟ್ಟು ಪಡೆಯುತ್ತಿದ್ದವು. ಈ ಅಂತರದಿಂದ ಒಂದು ವ್ಯಾಪಾರ ಹುಟ್ಟಿತು. ಅಂತರ್ಜಾಲದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ತುಂಬಿ ಹಣ ಕಟ್ಟಿದರೆ, ಎಂದೂ ಮುಖ ನೋಡದ ತಜ್ಞರ ಸಹಿಯುಳ್ಳ ಪತ್ರ ಸಿಗತೊಡಗಿತು.

ವಿಮಾನ ಕಂಪನಿಗಳ ಒಕ್ಕೂಟದ ಲೆಕ್ಕದಂತೆ 2016ರಲ್ಲಿ 4,81,000 ಇದ್ದ ಆಸರೆಯ ಪ್ರಾಣಿಗಳ ಪ್ರಯಾಣ 2017ರಲ್ಲಿ 7,51,000ಕ್ಕೆ ಏರಿತು. ಮನೋರೋಗಗಳು ಒಂದೇ ವರ್ಷದಲ್ಲಿ ಹಾಗೆ ಏರುವುದಿಲ್ಲ. 2014ರಲ್ಲಿ ಕನೆಕ್ಟಿಕಟ್‌ನಲ್ಲಿ ಹಂದಿಯೊಂದನ್ನು ಅದರ ಒಡತಿಯೊಂದಿಗೆ ವಿಮಾನದಿಂದ ಇಳಿಸಬೇಕಾಯಿತು. 2018ರ ಜನವರಿಯಲ್ಲಿ ನ್ಯೂವರ್ಕ್ ನಿಲ್ದಾಣಕ್ಕೆ ಬಂದ ನವಿಲಿಗೆ ಕಂಪನಿ ಪ್ರವೇಶ ನಿರಾಕರಿಸಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಜನ ನವಿಲನ್ನು ನೋಡಿ ನಕ್ಕರು. ನಗು ತರದ ಘಟನೆ ಅದಕ್ಕೂ ಮೊದಲೇ, 2017ರ ಜೂನ್‌ನಲ್ಲಿ, ಅಟ್ಲಾಂಟಾದಲ್ಲಿ ನಡೆದಿತ್ತು. ಪಕ್ಕದ ಪ್ರಯಾಣಿಕನ ತೊಡೆಯ ಮೇಲಿದ್ದ ಆಸರೆಯ ನಾಯಿ ಕಿಟಕಿಯ ಬಳಿ ಕುಳಿತಿದ್ದವರ ಮುಖಕ್ಕೆ ಕಚ್ಚಿತು. ಎದ್ದು ಹೋಗಲು ಅವರಿಗೆ ದಾರಿಯೇ ಇರಲಿಲ್ಲ. ಪ್ರಾಣಿಗಳಿಂದಾಗುವ ತೊಂದರೆಗಳು 2016ರಿಂದ ಶೇಕಡಾ 84ರಷ್ಟು ಹೆಚ್ಚಿವೆ ಎಂದು ಡೆಲ್ಟಾ ಕಂಪನಿ 2018ರಲ್ಲಿ ಹೇಳಿತು.

ಹೆಚ್ಚಿನ ನೋವು ಪಟ್ಟವರು ಸೇವಾ ನಾಯಿಯನ್ನು ನಿಜವಾಗಿ ಅವಲಂಬಿಸಿದವರು. ಶಿಸ್ತಿಲ್ಲದ ನಾಯಿಗಳು ಬೊಗಳಿ, ಮೇಲೆರಗಿ ಮಾರ್ಗದರ್ಶಿ ನಾಯಿಗಳ ಏಕಾಗ್ರತೆ ಕೆಡಿಸಿದವು. ಸಿಬ್ಬಂದಿ ಎಲ್ಲ ನಾಯಿಗಳನ್ನೂ ಸಂಶಯದಿಂದ ನೋಡತೊಡಗಿದರು. ಅಂಧರ ಸಂಘಟನೆಗಳೇ ನಿಯಮ ಬಿಗಿಯಾಗಲಿ ಎಂದು ಕೇಳಿದ್ದು ಈ ಕಾರಣಕ್ಕೆ. ಇದನ್ನು ಶ್ರೀಮಂತ ಕಂಪನಿಗಳಿಗೂ ದುರ್ಬಲ ಪ್ರಯಾಣಿಕರಿಗೂ ನಡೆದ ಜಗಳವೆಂದಷ್ಟೇ ತಿಳಿದರೆ ಅವರ ಮಾತು ಕೇಳಿಸದೆ ಹೋಗುತ್ತದೆ.

ಸಾರಿಗೆ ಇಲಾಖೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಸುಮಾರು 15,000 ಪ್ರತಿಕ್ರಿಯೆಗಳು ಬಂದವು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2021ರ ಜನವರಿ 11ರಿಂದ ಜಾರಿಯಾದ ನಿಯಮದಂತೆ ಸೇವಾ ಪ್ರಾಣಿ ಎಂದರೆ ನಾಯಿ ಮಾತ್ರ. ಅಂಗವೈಕಲ್ಯವುಳ್ಳ ವ್ಯಕ್ತಿಗಾಗಿ ಕೆಲಸ ಮಾಡಲು ಅದು ಪ್ರತ್ಯೇಕವಾಗಿ ತರಬೇತಾಗಿರಬೇಕು. ಆಸರೆಯ ಪ್ರಾಣಿಯನ್ನು ಕಂಪನಿಗಳು ಸಾಕುಪ್ರಾಣಿ ಎಂದೇ ಪರಿಗಣಿಸಬಹುದು. ಅದೇ ನಿಯಮ ಮಾನಸಿಕ ಕಾಯಿಲೆಯವರ ಸೇವಾ ನಾಯಿಗೂ ಅಂಧರ ಮಾರ್ಗದರ್ಶಿ ನಾಯಿಗೂ ಇದ್ದ ಭೇದವನ್ನು ತೆಗೆದುಹಾಕಿತು. ಮೊದಲು ಮನೋರೋಗಿಗಳು ಮಾತ್ರ ವೈದ್ಯರ ಪತ್ರ ತರಬೇಕಿತ್ತು. ಈಗ ಎಲ್ಲರಿಗೂ ಒಂದೇ ನಮೂನೆಯ ಅರ್ಜಿ, ಅದರಲ್ಲಿ ನಾಯಿಯ ಆರೋಗ್ಯ, ನಡವಳಿಕೆ, ತರಬೇತಿಯ ಬಗ್ಗೆ ಪ್ರಮಾಣ. ತಳಿಯೊಂದನ್ನೇ ಕಾರಣ ಮಾಡಿ ನಿರಾಕರಿಸುವಂತಿಲ್ಲ. ತರಬೇತಿಯನ್ನು ಸಂಸ್ಥೆಯೇ ಕೊಟ್ಟಿರಬೇಕೆಂದಿಲ್ಲ, ಒಡೆಯನೇ ಕೊಡಬಹುದು. ಪತ್ರಿಕೆಗಳು ನಿಷೇಧವನ್ನಷ್ಟೇ ದೊಡ್ಡದಾಗಿ ಬರೆದವು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಗೂ ಸಮಾನ ಗೌರವ ಕೊಟ್ಟ ಭಾಗಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ, ಆ ನಿಯಮದ ಉತ್ತಮ ಭಾಗ ಅದೇ ಆದರೂ.

ಮೂರನೆಯ ಭಾಗಕ್ಕೆ ಬಂದರೆ, ವಿಮಾನದ ಒಳಾವರಣದ ಸ್ವರೂಪವನ್ನು ಮೊದಲು ತಿಳಿಯಬೇಕು. ಅಲ್ಲಿ ಒಬ್ಬರು ಇನ್ನೊಬ್ಬರಿಂದ ದೂರ ಸರಿಯಲು ಜಾಗವಿಲ್ಲ. ನಾಯಿ, ಬೆಕ್ಕಿನ ಅಲರ್ಜಿಯಿಂದ ಉಬ್ಬಸ ಬರುವವರಿದ್ದಾರೆ. ಗಾಳಿಯನ್ನು ಸೂಕ್ಷ್ಮ ಶೋಧಕಗಳು ಶುದ್ಧಗೊಳಿಸುತ್ತವೆ, ನಿಜ. ಆದರೆ ಪಕ್ಕದ ಆಸನದ ಬಟ್ಟೆಗೆ ಹತ್ತಿದ ಕೂದಲನ್ನು ಅವು ತೆಗೆಯಲಾರವು. ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡು ನಾಯಿಯೆಂದರೆ ನಡುಗುವವರಿದ್ದಾರೆ. ಅವರ ಭಯವೂ ಮಾನಸಿಕ ಸಂಕಟವೇ. ಹುಚ್ಚುನಾಯಿ ಕಡಿತದಿಂದ ಇಂದಿಗೂ ಜನ ಸಾಯುತ್ತಿರುವ ದೇಶದಲ್ಲಿ ಅದನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ಮಡಿ, ಮೈಲಿಗೆಯ ಕಾರಣದಿಂದ ಪ್ರಾಣಿಯ ಪಕ್ಕ ಕುಳಿತು ಉಣ್ಣಲಾರದ ಹಿರಿಯರೂ ಇದ್ದಾರೆ. ಅವರಿಗೆ ಬೇರೆ ಆಸನ ಕೊಡುವುದು ಕಷ್ಟದ ಕೆಲಸವಲ್ಲ. ಎಲ್ಲಕ್ಕಿಂತ ಗಂಭೀರವಾದದ್ದು ಸುರಕ್ಷತೆ. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬುದು ವಿಮಾನ ವಿನ್ಯಾಸಕ್ಕಿರುವ ಷರತ್ತು. ಆ ಹೊತ್ತಿನಲ್ಲಿ ನಡುದಾರಿಯಲ್ಲಿ ಗಾಬರಿಗೊಂಡ ಪ್ರಾಣಿಯೊಂದು ಅಡ್ಡ ಬಂದರೆ ಜೀವಗಳೇ ಹೋಗಬಹುದು.

ಪ್ರಾಣಿಯ ಹಿತದ ಮಾತು ಈ ಚರ್ಚೆಯಲ್ಲಿ ತೀರಾ ಕಡಿಮೆ ಕೇಳುತ್ತದೆ. ಹಾರಾಟದ ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟೇ. ತೇವಾಂಶ ಬಹಳ ಕಡಿಮೆ. ಎಂಜಿನ್ನಿನ ಸದ್ದು ನಿಲ್ಲುವುದಿಲ್ಲ, ಮನುಷ್ಯನಿಗಿಂತ ಚುರುಕಾದ ನಾಯಿಯ ಕಿವಿಗೆ ಅದು ಹಿಂಸೆ. ಪಗ್, ಬುಲ್‌ಡಾಗ್‌ಗಳಂಥ ಮೊಂಡುಮೂಗಿನ ತಳಿಗಳಿಗೆ ಉಸಿರಾಟವೇ ಕಷ್ಟವಾಗುತ್ತದೆ. ಅವುಗಳನ್ನು ಸರಕಿನ ಕೋಣೆಯಲ್ಲಿ ಒಯ್ಯಲು ಹಲವು ಕಂಪನಿಗಳು ಒಪ್ಪದಿರುವುದು ಅದಕ್ಕೇ. ಸರಕಿನ ಕೋಣೆಯಲ್ಲೂ ಒತ್ತಡ, ಉಷ್ಣತೆಗಳ ನಿಯಂತ್ರಣ ಇರುತ್ತದೆ. ಹೆಚ್ಚಿನ ಅಪಾಯ ಇರುವುದು ಪಂಜರ ಬಿಸಿಲಿನಲ್ಲಿ ಕಾಯುವ ಹೊತ್ತಿನಲ್ಲಿ. ನಿದ್ದೆಯ ಔಷಧಿ ಕೊಟ್ಟು ಕಳಿಸಿದರಾಯಿತು ಎನ್ನುವವರಿಗೆ ಪಶುವೈದ್ಯರು ಬೇಡವೆನ್ನುತ್ತಾರೆ, ಎತ್ತರದಲ್ಲಿ ಅದು ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯಕರ. ಶಿರಸಿ ಬಳಿಯ ಹುಲೇಕಲ್ಲಿನ ಅಂಗಳದಲ್ಲಿ ಬಿಚ್ಚಿಕೊಂಡು ಬೆಳೆದ, ರಾತ್ರಿ ಚಿರತೆಯ ವಾಸನೆಗೆ ಬೊಗಳಿ ಮನೆಯವರನ್ನು ಎಚ್ಚರಿಸುವ ನಾಯಿಯನ್ನು ಒಮ್ಮೆಲೇ ಚೀಲದೊಳಗೆ ಮುಚ್ಚಿ ಹಾರಿಸಿದರೆ ಒಡೆಯನಿಗೆ ಸಿಗುವ ಸಮಾಧಾನದ ಬೆಲೆಯನ್ನು ಆ ನಾಯಿ ತೆರುತ್ತದೆ.

ವಾಹನ ಏರುವ ನಾಯಿಯ ಬಗ್ಗೆ ಭಾರತದ ಹಳೆಯ ವಾದವೊಂದು ಇರುವುದು ಮಹಾಭಾರತದ ಮಹಾಪ್ರಸ್ಥಾನದಲ್ಲಿ.  ಇಂದ್ರನ ರಥಕ್ಕೆ ಯುಧಿಷ್ಠಿರ ಒಬ್ಬನೇ ಬರಬಹುದು, ನಾಯಿಗೆ ಅವಕಾಶವಿಲ್ಲ ಎಂದಾಗ ಯುಧಿಷ್ಠಿರ ರಥವನ್ನೇ ಬೇಡವೆನ್ನುತ್ತಾನೆ. ಈ ಕಥೆಯನ್ನು ಆಸರೆಯ ಪ್ರಾಣಿಗಳ ಪರವಾಗಿ ಬಳಸುವವರು ಒಂದನ್ನು ಗಮನಿಸಬೇಕು. ನಾಯಿಯಿಂದ ತನಗೆ ನೆಮ್ಮದಿ ಸಿಗುತ್ತದೆ ಎಂದು ಯುಧಿಷ್ಠಿರ ವಾದಿಸುವುದಿಲ್ಲ. ನಂಬಿ ಹಿಂದೆ ಬಂದ ಜೀವವನ್ನು ಕೈಬಿಡುವುದು ಪಾಪ ಎನ್ನುತ್ತಾನೆ. ಅವನು ಮಾತನಾಡಿದ್ದು ತನ್ನ ಹೊಣೆಯ ಬಗ್ಗೆ. ಇಂದಿನ ಚರ್ಚೆಯಲ್ಲಿ ಪ್ರಾಣಿ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದೇ ತುಂಬಿಕೊಂಡಿದೆ, ಮನುಷ್ಯ ಪ್ರಾಣಿಗೆ ಏನು ಮಾಡಬೇಕು ಎಂಬುದು ಬದಿಗೆ ಸರಿದಿದೆ.

ಕೊನೆಯ ಭಾಗ ಭಾರತದ ಸ್ಥಿತಿಯನ್ನು ಕುರಿತದ್ದು. ಇಲ್ಲಿ ಆಸರೆಯ ಪ್ರಾಣಿಗೆ ವಿಮಾನದಲ್ಲಿ ಕಾನೂನಿನ ಹಕ್ಕಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅಂಗವಿಕಲ ಪ್ರಯಾಣಿಕರ ಕುರಿತ ನಿಯಮಗಳು ಮಾರ್ಗದರ್ಶಿ ನಾಯಿಗೆ ಅವಕಾಶ ಕೊಡುತ್ತವೆ. ಉಳಿದ ಪ್ರಾಣಿಗಳು ಕಂಪನಿಯ ವಿವೇಚನೆಗೆ ಬಿಟ್ಟವು. ಏರ್ ಇಂಡಿಯಾ ಬಹುಕಾಲದಿಂದ ಸಣ್ಣ ನಾಯಿ, ಬೆಕ್ಕು, ಪಕ್ಷಿಗಳನ್ನು ಶುಲ್ಕ ಪಡೆದು ಒಳಗೆ ಬಿಡುತ್ತಿದೆ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಚೆನ್ನೈಗೆ ಹೊರಟವರೊಬ್ಬರು ತಮ್ಮ ನಾಯಿಗಾಗಿ ಬಿಸಿನೆಸ್ ದರ್ಜೆಯ ಎಲ್ಲ ಆಸನಗಳನ್ನೂ ಕಾಯ್ದಿರಿಸಿದ್ದು ವರದಿಯಾಗಿತ್ತು. ಆಕಾಸ ಏರ್ 2022ರ ನವೆಂಬರ್ 1ರಿಂದ ಸಾಕುಪ್ರಾಣಿಗಳನ್ನು ಒಯ್ಯಲು ಆರಂಭಿಸಿತು. ಮೊದಲ ಮಿತಿ ಚೀಲವೂ ಸೇರಿ 7 ಕಿಲೋ. ದೇಶದ ಅತಿ ದೊಡ್ಡ ಕಂಪನಿ ಇಂಡಿಗೋ ಸೇವಾ ನಾಯಿಯನ್ನು ಬಿಟ್ಟರೆ ಬೇರೆ ಸಾಕುಪ್ರಾಣಿಗಳನ್ನು ಒಪ್ಪುತ್ತಿರಲಿಲ್ಲ. ಶಿರಸಿಯಿಂದ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಯಿಂದ ಹಾರುವವರಿಗೆ ಹೆಚ್ಚಾಗಿ ಸಿಗುವುದು ಇಂಡಿಗೋ ವಿಮಾನಗಳೇ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಂಥ, 20 ಕಿಲೋ ತೂಗುವ ನಾಡತಳಿಗಳಿಗೆ ಯಾವ ಕಂಪನಿಯ ಆಸನದ ಬುಡವೂ ಸಾಲದು.

ನೆಲದ ಮೇಲಿನ ಸಾರಿಗೆಯಲ್ಲಿ ಸ್ಥಿತಿ ಬೇರೆ. ರೈಲಿನ ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಇಡೀ ಕೂಪೆ ಕಾಯ್ದಿರಿಸಿದರೆ ನಾಯಿ ಜೊತೆಗಿರಬಹುದು. ರಾಜ್ಯದ ಬಸ್ಸುಗಳಲ್ಲಿ ಪ್ರಾಣಿ, ಪಕ್ಷಿಗಳಿಗೆ ಟಿಕೆಟ್ ಉಂಟು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ, ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಉಚಿತ ಪ್ರಯಾಣವಾಗಿ, ಅವರ ಪಂಜರದಲ್ಲಿದ್ದ ನಾಲ್ಕು ಗಿಳಿಗಳಿಗೆ ತಲಾ 111ರಂತೆ 444 ರೂಪಾಯಿ ಬಿದ್ದದ್ದು ಪತ್ರಿಕೆಗಳಲ್ಲಿ ಬಂದಿತ್ತು. ದರ ಹೆಚ್ಚೆನಿಸಬಹುದು. ಆದರೆ ನಿರ್ವಾಹಕನಿಗೂ ಪ್ರಯಾಣಿಕರಿಗೂ ನಿಯಮ ಮೊದಲೇ ಗೊತ್ತಿರುವುದು ಒಳ್ಳೆಯದು.

ಪರದೇಶದಿಂದ ನಾಯಿಯೊಂದಿಗೆ ಮರಳುವ ಕನ್ನಡ ಕುಟುಂಬಗಳಿಗೆ ತೊಡಕು ಇನ್ನಷ್ಟು. ಅಲ್ಲಿನ ವೈದ್ಯರು ಕೊಟ್ಟ ಆಸರೆಯ ಪತ್ರ ಇಲ್ಲಿ ನಡೆಯದು. ಬೆಂಗಳೂರಿನಲ್ಲಿ ಇಳಿಯಲು ಕೇಂದ್ರ ಸರ್ಕಾರದ ಪ್ರಾಣಿ ಸಂಪರ್ಕ ತಡೆ ಮತ್ತು ಪ್ರಮಾಣೀಕರಣ ಸೇವೆಯ ಒಪ್ಪಿಗೆ ಪತ್ರ ಮೊದಲೇ ಬೇಕು. ಹೊರಡುವ ದಿಕ್ಕಿನಲ್ಲೂ ಹಾಗೆಯೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರ ಆಗಸ್ಟ್ 1ರಿಂದ ನಾಯಿಗಳಿಗೆ ಕನಿಷ್ಠ ಆರು ತಿಂಗಳ ವಯಸ್ಸು ಮತ್ತು ಮೈಕ್ರೋಚಿಪ್ ಕಡ್ಡಾಯ ಮಾಡಿದೆ. ಭಾರತ ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ ಲಸಿಕೆಯ ದಾಖಲೆಯೂ ಬೇಕು. ಸೇವಾ ನಾಯಿಗೂ ವಿನಾಯಿತಿ ಇಲ್ಲ.

ಭಾರತದ ನಿಯಮದಲ್ಲಿರುವ ನಿಜವಾದ ಕೊರತೆ ಬೇರೆಡೆ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಮಾನಸಿಕ ಅಸ್ವಸ್ಥತೆ ಅವುಗಳಲ್ಲೊಂದು. ಹಾಗಿದ್ದೂ ನೆರವಿನ ನಾಯಿ ಎಂದೊಡನೆ ನಿಲ್ದಾಣದ ಸಿಬ್ಬಂದಿಗೆ ನೆನಪಾಗುವುದು ಅಂಧರ ನಾಯಿಯೊಂದೇ. ಮಾನಸಿಕ ಕಾಯಿಲೆಯವರಿಗಾಗಿ ತರಬೇತಾದ ನಾಯಿಗೂ ಅದೇ ಸ್ಥಾನವನ್ನು ನಿಯಮ ಸ್ಪಷ್ಟ ಮಾತಿನಲ್ಲಿ ಕೊಡಬೇಕು. ತರಬೇತಿಯ ಮಟ್ಟ ಯಾವುದು, ಅದನ್ನು ಪರೀಕ್ಷಿಸುವವರು ಯಾರು ಎಂಬುದನ್ನೂ ಹೇಳಬೇಕು. ತರಬೇತಿಯಿಲ್ಲದ ಆಸರೆಯ ಪ್ರಾಣಿಗೆ ಪತ್ರದ ಬಲದ ಹಕ್ಕು ಬೇಡ. ಅಮೆರಿಕದಲ್ಲಿ ಪತ್ರ ಸರಕಾದ ರೀತಿ ಕಣ್ಣಮುಂದಿದೆ. ಅದರ ಬದಲು ಸಾಕುಪ್ರಾಣಿ ಒಯ್ಯುವವರಿಗೆ ಎಲ್ಲ ಕಂಪನಿಗಳಲ್ಲೂ ಒಂದೇ ಬಗೆಯ ಷರತ್ತು, ಕೈಗೆಟಕುವ ಶುಲ್ಕ, ಅಲರ್ಜಿಯವರಿಂದ ದೂರದ ಸಾಲುಗಳು ಇರಲಿ.

ಪ್ರಾಣಿಯ ಆಸರೆಗಿಂತ ಮೊದಲು ಬೇಕಾದದ್ದು ಚಿಕಿತ್ಸೆ, ಆದರೆ ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯೇ ಸಿಗದವರು ಈ ದೇಶದಲ್ಲಿ ಬಹಳ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ ಶೇಕಡಾ 70ಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಇದಕ್ಕೆ ಉತ್ತರ ಹುಡುಕುವುದರಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿ ಪ್ರಯೋಗವೇ.

ಆದ್ದರಿಂದ ಈ ಸಭೆಯಲ್ಲಿರುವವರಲ್ಲಿ ಎರಡು ವಿನಂತಿಗಳು. ಹಿರಿಯರನ್ನು ದೂರದ ಊರಿಗೆ ಕರೆದೊಯ್ಯುವ ಮಕ್ಕಳು ಅವರ ನಾಯಿಯ ವ್ಯವಸ್ಥೆಯನ್ನು ಟಿಕೆಟ್ ತೆಗೆಯುವ ಮೊದಲೇ ಮಾತಾಡಬೇಕು. ಹಾರಲು ತಕ್ಕ ಪ್ರಾಣಿಯಲ್ಲದಿದ್ದರೆ ರೈಲು, ಕಾರು ಅಥವಾ ನಂಬಿಕೆಯ ನೆರೆಮನೆ ನೋಡಬೇಕು. ಎರಡನೆಯದಾಗಿ, ಮನೆಯಲ್ಲಿ ಯಾರಿಗಾದರೂ ಒಂಟಿತನ, ಆತಂಕ, ಖಿನ್ನತೆ ಬಾಧಿಸುತ್ತಿದ್ದರೆ ಅದನ್ನು ನಾಯಿಯ ಪಾಲಿಗೆ ಬಿಟ್ಟು ಸುಮ್ಮನಿರಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲಿರುಳು ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ದಯವಿಟ್ಟು ಎಲ್ಲರೂ ಬರೆದುಕೊಳ್ಳಬೇಕು.